ಓದಲಾರದ ಮಗುವಿನ ವಿಷಯದಲ್ಲಿ ತಂದೆತಾಯಿಗಳೂ ಉಪಾಧ್ಯಾಯರೂ

ಒಂದು ಮಗುವು ಓದಲಿಕ್ಕೆ ಕಲಿಯದೆ ಹೋದರೆ ತಪ್ಪು ಯಾರದೆಂಬ ಪ್ರಶ್ನೆಯು ನಮ್ಮ ಹಳ್ಳಿಗಳಲ್ಲಿ ಹೊಸತಲ್ಲ. ಹೊಸಬಾಳೆಯಲ್ಲಾಗಲಿ, ಸೊರಬ ಶಿಕಾರಿಪುರ ತಾಲ್ಲೂಕುಗಳ ಬೇರೆ ಯಾವ ಊರಿನಲ್ಲಾಗಲಿ ಕೇಳಿ ನೋಡಿರಿ. ಮನೆಯವರು ಶಾಲೆಯ ಕಡೆಗೆ ಬೆರಳು ತೋರಿಸುವರು, ಶಾಲೆಯವರು ಮನೆಯ ಕಡೆಗೆ ತೋರಿಸುವರು. ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪವು ಇವನದೋ ಹೆತ್ತವರದೋ ಎಂದು ವಿಚಾರಿಸಿದ ಕಾಲದಿಂದಲೂ ಮನುಷ್ಯರ ಮನಸ್ಸು ಮೊದಲು ಓಡುವದು ಆ ದಾರಿಯಲ್ಲಿಯೇ. ಈಗ ಕೆಲವು ವರುಷಗಳಿಂದ ಮತ್ತೊಂದು ಉತ್ತರವು ನಮ್ಮ ಕಿವಿಗೆ ಬೀಳುತ್ತಲಿದೆ. ಅದೇನಂದರೆ, ಬುದ್ಧಿಯಲ್ಲಿ ಯಾವ ಕೊರತೆಯೂ ಇಲ್ಲದ ಕೆಲವು ಮಕ್ಕಳಿಗೆ ಧ್ವನಿಯನ್ನೂ ಅಕ್ಷರವನ್ನೂ ಕೂಡಿಸುವ ಶಕ್ತಿಯಲ್ಲಿ ಹುಟ್ಟಿನಿಂದಲೇ ಒಂದು ತೊಡಕು ಇರುತ್ತದೆಂಬದು. ಅದಕ್ಕೆ ಕಲಿಕಾ ನ್ಯೂನತೆ ಎಂದೂ, ಓದಿಗೆ ಸಂಬಂಧಪಟ್ಟದ್ದಾದರೆ ಡಿಸ್ಲೆಕ್ಸಿಯಾ ಎಂದೂ ಹೆಸರು. ತಪ್ಪು ಯಾರದೂ ಅಲ್ಲವೆಂದು ಹೇಳುವ ಈ ಉತ್ತರವು ಬಂದ ಮೇಲೆ ಜಗಳವು ತೀರಬೇಕಾಗಿತ್ತು. ಆದರೆ ತೀರಲಿಲ್ಲ, ಹೆಚ್ಚಾಯಿತು. ಹೀಗೆ ಯಾಕಾಯಿತೆಂಬದನ್ನೂ, ಇದರಲ್ಲಿ ಯಾರು ಯಾರಿಗೆ ಏನು ಸಲ್ಲಿಸತಕ್ಕದ್ದೆಂಬದನ್ನೂ ಸ್ವಲ್ಪ ವಿಚಾರಿಸೋಣ.

ಒಂದು ಸಂಗತಿಯನ್ನು ಎಣಿಸಿಕೊಳ್ಳಿರಿ. ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಅಡಿಕೆ ತೋಟಕ್ಕೆ ನೀರು ತಿರುಗಿಸುವದು, ಮಂದೆಯಲ್ಲಿ ಮಂಕಾದ ಕರುವನ್ನು ಗುರುತಿಸುವದು, ಸಂತೆಯ ಲೆಕ್ಕವನ್ನು ಬಾಯಲ್ಲಿಯೇ ಹೇಳುವದು ಇವೆಲ್ಲ ಅವನಿಗೆ ಬರುತ್ತವೆ. ಮನೆಯಲ್ಲಿ ಪಾಠ ಓದೆಂದರೆ ಪುಸ್ತಕ ಹಿಡಿದು, ಸಾಲಿನ ಮೇಲೆ ಬೆರಳೆಳೆಯುತ್ತಾ, ತಡೆಯಿಲ್ಲದೆ ಒಪ್ಪಿಸುತ್ತಾನೆ. ತಾಯಿಯು ಕೇಳಿ ಸಂತೋಷಪಡುತ್ತಾಳೆ. ಶಾಲೆಯಲ್ಲಿ ಉಪಾಧ್ಯಾಯಿನಿಯು ಅದೇ ಪುಟದ ನಡುವೆ ಒಂದು ಶಬ್ದದ ಮೇಲೆ ಕೈಯಿಟ್ಟು ಇದೇನೆಂದು ಕೇಳಿದರೆ ಹುಡುಗನು ಸುಮ್ಮನೆ ನಿಲ್ಲುತ್ತಾನೆ. ಅವನು ಈವರೆಗೆ ಓದಿಯೇ ಇಲ್ಲ. ಜೊತೆಯವರು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿದ್ದಾನೆ. (ಕಂಠಪಾಠಕ್ಕೆ ಬಹುಮಾನ ಕೊಡುವ ನಮ್ಮ ಭಾನುವಾರದ ಶಾಲೆಗಳಲ್ಲಿಯೂ ಇಂಥಾ ಮಗುವು ವರುಷಗಟ್ಟಲೆ ಅಡಗಿರಬಲ್ಲದು.) ಉಪಾಧ್ಯಾಯಿನಿಯು ತಂದೆಯನ್ನು ಕರಿಸಿ, ಇವನನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿರಿ ಎನ್ನುತ್ತಾಳೆ. ನನ್ನ ಮಗನೇನು ಹುಚ್ಚನೋ ಎಂದು ತಂದೆಯು ಎದ್ದು ಹೋಗುತ್ತಾನೆ. ಮುಂದಿನ ವರುಷ ಹುಡುಗನು ಪೇಟೆಯ ಇಂಗ್ಲಿಷ್ ಶಾಲೆಯಲ್ಲಿರುತ್ತಾನೆ.

ಇಲ್ಲಿ ಯಾರೂ ಸುಳ್ಳಾಡಲಿಲ್ಲವೆಂಬದನ್ನು ಗಮನಿಸಿರಿ. ತಾಯಿಯು ಕೇಳಿದ್ದೂ ನಿಜ, ಉಪಾಧ್ಯಾಯಿನಿಯು ಕಂಡದ್ದೂ ನಿಜ. ಒಂದೇ ವಯಸ್ಸಿನ ಹಲವು ಮಕ್ಕಳ ನಡುವೆ ಈ ಮಗುವನ್ನು ನಿಲ್ಲಿಸಿ ನೋಡುವ ಅವಕಾಶವು ಶಾಲೆಗೆ ಮಾತ್ರ ಇದೆ. ಅವನು ಎಷ್ಟನೆಯ ವರುಷದಲ್ಲಿ ಮಾತಾಡಿದನು, ಕಿವಿ ಸೋರಿತ್ತೋ, ಸಂಜೆಯಲ್ಲಿ ಕಣ್ಣು ಮಂಜಾಗುವದೋ, ಮನೆತನದಲ್ಲಿ ಹೀಗೆಯೇ ಓದಲಾರದವರು ಇದ್ದರೋ ಎಂಬದು ಮನೆಗೆ ಮಾತ್ರ ಗೊತ್ತು. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯನು ಹದಿನಾಲ್ಕು ವರುಷದ ಒಬ್ಬ ಹುಡುಗನ ವೃತ್ತಾಂತವನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದನು. ಹುಡುಗನು ಆಟದಲ್ಲಿ ಚುರುಕು, ಲೆಕ್ಕದಲ್ಲಿ ಗಟ್ಟಿಗ. ಓದಲಿಕ್ಕೆ ಮಾತ್ರ ಬಾರದು. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವದಾದರೆ ಶಾಲೆಗೆಲ್ಲ ಇವನೇ ಜಾಣನಾಗುವನೆಂದು ಅವನ ಉಪಾಧ್ಯಾಯನೇ ವೈದ್ಯನಿಗೆ ತಿಳಿಸಿದ್ದನು. ಈ ವಿಷಯದ ಮೊದಲ ಬರಹಗಳಲ್ಲಿ ಒಂದಾದ ಇದರಲ್ಲಿ ಉಪಾಧ್ಯಾಯನು ತೀರ್ಪು ಕೊಡದೆ ಸಾಕ್ಷಿ ಹೇಳಿದ್ದು ನನಗೆ ಮೆಚ್ಚಿಕೆಯಾದ ಸಂಗತಿ.

ಆದರೆ ಶಂಕೆಪಡತಕ್ಕ ಕಾಲ ಯಾವದು? ನಮ್ಮ ಲಿಪಿಯ ಸ್ವಭಾವವನ್ನು ತಿಳಿಯದೆ ಇದಕ್ಕೆ ಉತ್ತರ ಹೇಳಲಾಗದು. ಕನ್ನಡಕ್ಕೆ 49 ಅಕ್ಷರಗಳೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮಗುವಿನ ಮುಂದಿರುವ ರಾಶಿಯು ಅದಕ್ಕಿಂತ ಬಹಳ ದೊಡ್ಡದು. 34 ವ್ಯಂಜನಗಳಲ್ಲಿ ಒಂದೊಂದಕ್ಕೂ ಕಾಗುಣಿತವುಂಟು. ಅಷ್ಟರಿಂದಲೇ ರೂಪಗಳು ನಾನೂರನ್ನು ಮೀರುವವು. ಆ ಮೇಲೆ ಒತ್ತಕ್ಷರಗಳು ಬರುತ್ತವೆ. ಬ ಭ ಗಳಿಗೂ, ದ ಧ ಗಳಿಗೂ, ಪ ಷ ಗಳಿಗೂ ಒಂದು ಸಣ್ಣ ಗೀಟಿನ ಭೇದ. ಅರ್ಕಾವೊತ್ತನ್ನು ನೋಡಿರಿ: ಸೂರ್ಯ ಎಂಬಲ್ಲಿ ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ನಂತರ ಬರೆಯುತ್ತೇವೆ. ಇದೆಲ್ಲ ಯಾವ ಮಗುವಿಗಾದರೂ ಒಂದೆರಡು ವರುಷಗಳ ಕೆಲಸವಲ್ಲ. ಸೋನಾಲಿ ನಾಗ್ ಎಂಬ ವಿದ್ವಾಂಸೆಯು ಕನ್ನಡ ಶಾಲೆಗಳ ಮಕ್ಕಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ ಈ ಕಲಿಕೆಯು ನಾಲ್ಕನೆಯ ತರಗತಿಯ ತನಕವೂ ನಡೆಯುತ್ತಲೇ ಇರುತ್ತದೆ. ಆದಕಾರಣ, ಬೆಳೆದಂತೆ ಸರಿಹೋಗುವದು ಎಂಬ ತಂದೆಯ ಮಾತು ಎರಡನೆಯ ತರಗತಿಯಲ್ಲಿ ವಿವೇಕದ ಮಾತೇ. ಅದೇ ಮಾತನ್ನು ಐದನೆಯ ತರಗತಿಯಲ್ಲಿ ಆಡಿದರೆ ಅದು ಮಗುವಿನ ಕಾಲವನ್ನು ಕದಿಯುತ್ತದೆ.

ಇನ್ನೊಂದು ಮೋಸವುಂಟು. ಕನ್ನಡದಲ್ಲಿ ಬರೆದಂತೆ ಓದುವದರಿಂದ ತೊಡಕುಳ್ಳ ಮಗುವು ತಪ್ಪು ಓದುವದಕ್ಕಿಂತ ಬಹಳ ನಿಧಾನವಾಗಿ ಓದುವದೇ ಹೆಚ್ಚು. ನಿಧಾನವು ಯಾರ ಕಣ್ಣಿಗೂ ಬೀಳುವದಿಲ್ಲ. ಇಂಗ್ಲಿಷಿನಲ್ಲಾದರೋ ಒಂದೇ ಅಕ್ಷರಕ್ಕೆ ಹಲವು ಧ್ವನಿಗಳು. ಕನ್ನಡದಲ್ಲಿ ತೆವಳುತ್ತಿದ್ದವನು ಅಲ್ಲಿ ಬಿದ್ದೇ ಬಿಡುವನು. ಶಾಲೆ ಬದಲಿಸಿದ ತಂದೆಯು ಫೀಸು ಕೊಟ್ಟು ಮಗನ ಹೊರೆಯನ್ನು ಹೆಚ್ಚಿಸಿದ್ದಾನೆ.

ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಕೊಂಕಣಿಯನ್ನೋ ಆಡುವ ಮಗುವು ಕನ್ನಡ ಪುಸ್ತಕದ ಮುಂದೆ ತಡವರಿಸಿದರೆ ಅದು ನ್ಯೂನತೆಯಲ್ಲ. ಸುಗ್ಗಿಯ ದಿನಗಳಲ್ಲಿ ಶಾಲೆ ಬಿಟ್ಟ ಮಗುವಿನ ಹಿಂದುಳಿಕೆಯೂ ಅಲ್ಲ. ಕಣ್ಣು ಕಿವಿಗಳನ್ನು ನೋಡಿಸದೆ ಈ ಹೆಸರನ್ನು ನಾಲಿಗೆಗೆ ತರುವವನು ದುಡುಕಿದವನೇ ಸರಿ.

ಇನ್ನು ಹೆಸರಿನ ಭಯಕ್ಕೆ ಬರೋಣ. ತಂದೆಯ ಕೋಪವನ್ನು ಅಜ್ಞಾನವೆಂದು ತಳ್ಳಿಬಿಡುವದು ನ್ಯಾಯವಲ್ಲ. ಹೆಸರು ಏನು ಮಾಡಬಲ್ಲದೆಂದು ನಮ್ಮ ಸೊರಬ ತಾಲ್ಲೂಕಿನವರಿಗೆ ಚೆನ್ನಾಗಿ ಗೊತ್ತು. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು; ಸುತ್ತಲಿನ ಜನರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಕಾರಣವನ್ನು ಹುಡುಕಿ ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರಿಟ್ಟರು. ಹೆಸರು ಬಂದದ್ದರಿಂದ ಅದು ಉಣ್ಣೆಯಿಂದ ಹರಡುವದೆಂದು ತಿಳಿಯಿತು, ಎಚ್ಚರಿಕೆಯ ಉಪಾಯಗಳು ಹುಟ್ಟಿದವು. ಆದರೆ ಲೋಕದ ವೈದ್ಯಗ್ರಂಥಗಳಲ್ಲೆಲ್ಲ ನಮ್ಮ ಒಂದು ಹಳ್ಳಿಯ ಹೆಸರು ಇಂದಿಗೂ ರೋಗದ ಹೆಸರಾಗಿಯೇ ನಿಂತಿದೆ. ಒಂದೇ ಹೆಸರು ಉಪಕಾರವನ್ನೂ ಮಾಡಿತು, ಗಾಯವನ್ನೂ ಮಾಡಿತು. ಹತ್ತು ವರುಷದ ಹುಡುಗನ ವಿಷಯದಲ್ಲಿಯೂ ಹಾಗೆಯೇ. ಊರಿನ ಬಾವಿಕಟ್ಟೆಯಲ್ಲಿ ಈ ಮಾತು ಹೇಗೆ ಉರುಳುವದು, ನಾಳೆ ಮದುವೆಯ ಮಾತು ಬಂದಾಗ ಯಾರು ಎತ್ತಿ ಆಡುವರು ಎಂಬ ತಾಯಿಯ ಲೆಕ್ಕವು ಹುಸಿಯಲ್ಲ.

ಇದಕ್ಕಿಂತಲೂ ಆಳವಾದದ್ದೊಂದುಂಟು. ಈ ತೊಡಕು ಅನೇಕ ವೇಳೆ ವಂಶದಲ್ಲಿ ಬರುವಂಥಾದ್ದು. ಮಗನನ್ನು ಕುರಿತು ಉಪಾಧ್ಯಾಯಿನಿಯು ಆಡುವ ಮಾತನ್ನು ಕೇಳುತ್ತಿರುವ ತಂದೆಯು, ತಾನೇ ಮೂರನೆಯ ತರಗತಿಯಲ್ಲಿ ಬೆತ್ತದ ಏಟು ತಿಂದು ದನ ಕಾಯಲಿಕ್ಕೆ ಹೋದವನಾಗಿರಬಹುದು. ಅವನು ದಡ್ಡನೆಂದೇ ತನ್ನನ್ನು ಮೂವತ್ತು ವರುಷ ನಂಬಿಕೊಂಡಿದ್ದಾನೆ. ಈಗ ಶಾಲೆಯ ಅದೇ ಜಗುಲಿಯಲ್ಲಿ ಅದೇ ಮಾತು ಮಗನ ಹೆಸರಿನಲ್ಲಿ ತನ್ನನ್ನು ಹುಡುಕಿಕೊಂಡು ಬಂತೆಂದು ಅವನಿಗೆ ತೋರುತ್ತದೆ. ಅವನು ಎದ್ದು ಹೋಗದೆ ಏನು ಮಾಡ್ಯಾನು?

ಆದದರಿಂದ ಈ ವ್ಯಾಜ್ಯದಲ್ಲಿ ಹೆಚ್ಚಿನ ಭಾರವು ಶಾಲೆಯ ಮೇಲೆಯೇ ಇದೆ ಎಂಬದು ನನ್ನ ಅಭಿಪ್ರಾಯ. ಓದು ಬರಹವೂ ಅಧಿಕಾರವೂ ಅವರ ಕೈಯಲ್ಲಿವೆ. ಕಾನೂನೂ ಹಾಗೆಯೇ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 16ನೆಯ ಪ್ರಕರಣವು ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸುವದನ್ನು ಮಾತ್ರವಲ್ಲ, ಅದಕ್ಕೆ ತಕ್ಕ ಪಾಠಕ್ರಮವನ್ನು ನಡಿಸುವದನ್ನೂ ವಿದ್ಯಾಸಂಸ್ಥೆಗಳ ಹೊಣೆಯೆಂದು ಎಣಿಸಿದೆ. ಗುರುತಿಸಿ ಕೈತೊಳೆದುಕೊಳ್ಳಲಿಕ್ಕೆ ಅಲ್ಲಿ ಅಪ್ಪಣೆಯಿಲ್ಲ. ನ್ಯೂನತೆ ಇದೆಯಂತೆ, ಇನ್ನು ಇವನು ನನ್ನ ಕೆಲಸವಲ್ಲ ಎಂದು ಮಗುವನ್ನು ಹಿಂದಿನ ಮಣೆಗೆ ಕಳುಹಿಸುವ ಉಪಾಧ್ಯಾಯರಿದ್ದಾರೆ. ಅವರು ಹೊಸ ಹೆಸರನ್ನು ಹಳೆಯ ಬೈಗುಳದ ಹಾಗೆ ಬಳಸುವವರು. 2009ರ ಶಿಕ್ಷಣ ಹಕ್ಕಿನ ಅಧಿನಿಯಮವು ಹೊಡೆತವನ್ನು ಮಾತ್ರವಲ್ಲ, ಮನಸ್ಸಿಗೆ ಕೊಡುವ ಹಿಂಸೆಯನ್ನೂ ನಿಷೇಧಿಸಿದೆಯೆಂಬದನ್ನು ಇಂಥವರು ನೆನಪಿಡಲಿ. ಮೊದಲ ಭೇಟಿಯಲ್ಲಿಯೇ ಪರೀಕ್ಷೆಯ ಮಾತೆತ್ತುವದಕ್ಕಿಂತ, ನಾನು ಇಂಥಿಂಥಾದ್ದನ್ನು ಕಂಡೆನು, ನೀವು ಮನೆಯಲ್ಲಿ ಏನು ಕಂಡಿರಿ ಎಂದು ಕೇಳುವದು ಎಷ್ಟೋ ಉತ್ತಮ. ಅದೂ ಇತರ ಹೆತ್ತವರ ಎದುರಿನಲ್ಲಲ್ಲ.

ಹೆತ್ತವರಿಗೂ ಹೇಳಬೇಕಾದದ್ದಿದೆ. ಹೆಸರನ್ನು ಬೇಡವೆನ್ನುವ ಅಧಿಕಾರವು ನಿಮಗುಂಟು. ಸಹಾಯವನ್ನು ಬೇಡವೆನ್ನುವ ಅಧಿಕಾರವಿಲ್ಲ, ಯಾಕಂದರೆ ಅದು ಮಗುವಿಗೆ ಸಲ್ಲತಕ್ಕದ್ದು. ಜ್ಞಾಪಕಶಕ್ತಿಯ ಲೇಹ್ಯಕ್ಕೆ ಹಣ ಸುರಿಯಬೇಡಿರಿ, ಇದಕ್ಕೆ ಔಷಧವಿಲ್ಲ. ಇರುವದು ಬೋಧನೆ: ಶಬ್ದವನ್ನು ಧ್ವನಿಧ್ವನಿಯಾಗಿ ಬಿಡಿಸಿ, ಒಂದೊಂದು ಅಕ್ಷರವನ್ನೂ ಅದರ ಧ್ವನಿಗೆ ಕಟ್ಟಿ, ದಿನಾಲು ಸ್ವಲ್ಪಸ್ವಲ್ಪ, ಬೇಸರವಿಲ್ಲದೆ. ಒಂದು ಹಾಳೆಯನ್ನು ಇಪ್ಪತ್ತು ಸಾರಿ ನಕಲು ಮಾಡಿಸುವದು ಆ ಬೋಧನೆಯಲ್ಲ.

ಕೆಲವರು ಸಮಾಧಾನ ಹೇಳುವ ರೀತಿಯೊಂದುಂಟು. ಓದು ಬಾರದಿದ್ದರೇನು, ಇಂಥಾ ಮಕ್ಕಳಿಗೆ ಬೇರೊಂದು ವರ ಇದ್ದೇ ಇರುತ್ತದೆ ಎನ್ನುವರು. 2007ರಲ್ಲಿ ಬಂದ ತಾರೇ ಜಮೀನ್ ಪರ್ ಎಂಬ ಹಿಂದಿ ಚಲನಚಿತ್ರದ ಹುಡುಗನು ಚಿತ್ರಗಾರನು. ಅದನ್ನು ನೋಡಿ ಅನೇಕ ಹೆತ್ತವರ ಕಣ್ಣು ತೆರೆಯಿತೆಂಬದೂ ನಿಜ. ನಮ್ಮ ಸೀಮೆಯಲ್ಲಿಯೂ ಶ್ರೀಗಂಧ ಕೆತ್ತುವ ಗುಡಿಗಾರರಿದ್ದಾರೆ, ಗೋಡೆಯ ಮೇಲೆ ಎಳೆ ತಪ್ಪದೆ ಚಿತ್ತಾರ ಬರೆಯುವ ದೀವರ ಹೆಂಗಸರಿದ್ದಾರೆ. ಕೈಯ ಜಾಣ್ಮೆಗೆ ಇಲ್ಲಿ ಮರ್ಯಾದೆಯುಂಟು. ಆದರೂ ಈ ಸಮಾಧಾನವನ್ನು ನಾನು ಒಪ್ಪಲಾರೆನು. ಯಾವ ವರವೂ ಇಲ್ಲದ ಸಾಧಾರಣ ಮಗುವಿಗೆ ಓದು ಕಲಿಸಬೇಕಾದ ಋಣವು ಕಡಿಮೆಯೋ? ಪಹಣಿಯನ್ನೂ ಔಷಧದ ಚೀಟಿಯನ್ನೂ ಸಂಘದ ಸಾಲದ ಕಾಗದವನ್ನೂ ಚಿತ್ರಗಾರನೂ ಓದಬೇಕು.

ಪರೀಕ್ಷೆ ಎಂದರೆ ಏನೆಂದು ತಿಳಿಯದೆ ಹೆದರುವವರಿಗಾಗಿ ಎರಡು ಮಾತು. ಅದು ಸೂಜಿಯೂ ಅಲ್ಲ, ಹುಚ್ಚಾಸ್ಪತ್ರೆಯೂ ಅಲ್ಲ. ಓದಿಸಿ, ಬರೆಯಿಸಿ, ಒಗಟಿನಂಥ ಪ್ರಶ್ನೆಗಳನ್ನು ಕೇಳಿ ನೋಡುವರು. ತರಗತಿಯಲ್ಲಿಯೇ ಉಪಾಧ್ಯಾಯರು ಮೊದಲ ಶಂಕೆಯನ್ನು ಪರಿಶೀಲಿಸಲಿಕ್ಕೆ ಡಾಲಿ ಎಂಬ ಸಾಧನವು 2015ರಲ್ಲಿ ಕನ್ನಡದಲ್ಲಿಯೂ ಬಂದಿದೆ. ಶಾಲೆಗೆ ಬರುವ ಬಾಲಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರನ್ನೂ ತಾಲ್ಲೂಕಿನ ಸಂಪನ್ಮೂಲ ಕೇಂದ್ರವನ್ನೂ ಕೇಳಬಹುದು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಪೂರ್ಣ ಪರೀಕ್ಷೆ ನಡೆಯುತ್ತದೆ. ಕೂಲಿಯವನಿಗೆ ಅಷ್ಟು ದೂರದ ಪ್ರಯಾಣವೆಂದರೆ ಹಲವು ದಿನಗಳ ಅನ್ನ. ಹೋಗಿರಿ ಎಂದು ಹೇಳುವವರು ಇದನ್ನೂ ಎಣಿಸಲಿ, ಸಭೆಯವರು ಬಸ್ಸಿನ ಖರ್ಚಿಗೆ ಕೈಗೂಡಿಸಲಿ. 2018ರ ಸರಕಾರದ ಕ್ರಮದಂತೆ ಎಂಟು ವರುಷ ತುಂಬುವ ಮೊದಲು ಪ್ರಮಾಣಪತ್ರ ಕೊಡುತ್ತಿರಲಿಲ್ಲ. ಕೊಟ್ಟದ್ದನ್ನು ಹದಿನಾಲ್ಕರಲ್ಲಿಯೂ ಹದಿನೆಂಟರಲ್ಲಿಯೂ ಮತ್ತೆ ನೋಡಬೇಕೆಂದು ಆ ಕ್ರಮದಲ್ಲಿತ್ತು.

ಹುಡುಗನಿಗೆ ಏನು ಹೇಳುವದು? ತನಗೆ ಓದು ಬಾರದೆಂದು ಎಲ್ಲರಿಗಿಂತ ಮೊದಲು ಬಲ್ಲವನು ಅವನೇ. ಬಾಯಿಪಾಠದ ಉಪಾಯವನ್ನು ಕಂಡುಹಿಡಿದವನೂ ಅವನೇ. ಅವನ ಹತ್ತಿರ ಗುಟ್ಟು ಮಾಡುವದರಿಂದ ಫಲವಿಲ್ಲ. ಇದು ನಿನ್ನ ತಪ್ಪಲ್ಲ, ಕಷ್ಟವಾಗುವದು ನಿಜ, ನಿಧಾನವಾಗಿ ಬರುವದು ಎಂದು ತಂದೆಯ ಬಾಯಿಂದಲೇ ಕೇಳಿಸಿದರೆ ಸಾಕು.

ತಂದೆಯು ಒಪ್ಪದೆ ಹೋದರೆ? ಆಗಲೂ ಉಪಾಧ್ಯಾಯಿನಿಯ ಕೈ ಕಟ್ಟಿಹೋಗುವದಿಲ್ಲ. ಪ್ರಮಾಣಪತ್ರವು ಬೇಕಾಗುವದು ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಹೆಚ್ಚು ಕಾಲವನ್ನೂ ಬರೆದುಕೊಡುವ ಸಹಾಯಕನನ್ನೂ ಪಡೆಯಲಿಕ್ಕೆ. ನಾಲ್ಕನೆಯ ತರಗತಿಯ ಹುಡುಗನಿಗೆ ಅದಕ್ಕೆ ಇನ್ನೂ ಆರು ವರುಷಗಳುಂಟು. ಅಷ್ಟರೊಳಗೆ ತಂದೆಯ ಮನಸ್ಸು ತಿರುಗಬಹುದು, ತಿರುಗದೆಯೂ ಇರಬಹುದು. ಪ್ರಾರ್ಥನೆಯ ಗಂಟೆಗೆ ಮುಂಚೆ ಹುಡುಗನನ್ನು ಬಳಿಗೆ ಕರೆದು ಕಾಲುಗಂಟೆ ಕಾಗುಣಿತವನ್ನು ಧ್ವನಿಧ್ವನಿಯಾಗಿ ಬಿಡಿಸಿ ಓದಿಸುವದಕ್ಕೆ ಯಾರ ರುಜುವೂ ಬೇಕಾಗಿಲ್ಲ.