ನಿರ್ಭಯವಾದ ದಾರಿ

ಭಯವಿಲ್ಲದ ದಾರಿಯಲ್ಲಿ ಸಾಗುವವನು ತಾನೂ ಯಾರಿಗೂ ಭಯವನ್ನುಂಟುಮಾಡದವನೆಂದು ಹೇಳಬಹುದೇ? ಇದನ್ನು ವಿಚಾರಿಸಲು ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ.

ಇಂಗ್ಲೆಂಡಿನ ಉತ್ತರದಂಚಿನ ನಾರ್ಥಂಬರ್ಲೆಂಡ್ ಸೀಮೆಯಲ್ಲಿ ಕೀಲ್ಡರ್ ಎಂಬ ಜಲಾಶಯವುಂಟು. 1926ರಿಂದ ನೆಟ್ಟು ಬೆಳೆಸಿದ ಮಹಾರಣ್ಯದ ನಡುವೆ ಕಟ್ಟಿದ ಅದರ ಪ್ರಾರಂಭೋತ್ಸವವು 1982ರಲ್ಲಿ ನಡೆಯಿತು. ಅದರ ದಡವನ್ನನುಸರಿಸಿ ಸುಮಾರು 26 ಮೈಲಿಗಳ ಜಲ್ಲಿಯ ದಾರಿಯೊಂದು ಸುತ್ತಿಬರುತ್ತದೆ. ಅಲ್ಲಿ ಮೋಟಾರುಗಳ ಸಂಚಾರವಿಲ್ಲ. ಪೇಟೆಯ ಬೀದಿಯಲ್ಲಿ ಲಾರಿಯ ಕೂಗಿಗೆ ಬೆಚ್ಚಿ ಅಂಚಿಗೆ ಸರಿಯುತ್ತಿದ್ದ ಬೈಸಿಕಲ್ ಸವಾರನು ಇಲ್ಲಿ ಹಿಂದಿರುಗಿ ನೋಡದೆ ಸಾಗಬಲ್ಲನು. ಅವನಿಗೆ ಇದಕ್ಕಿಂತ ಮಿಗಿಲಾದ ಸುಖವೇನು?

ಆದರೆ ಅದೇ ದಾರಿಯಲ್ಲಿ ಕಾಲ್ನಡೆಯವರೂ ಬರುವರು. ಇಳಿಜಾರಿನಲ್ಲಿ ಜಲ್ಲಿಯನ್ನು ಸಿಡಿಸುತ್ತ ಅವನು ಧಾವಿಸಿ ಬಂದಾಗ, ಮೊಮ್ಮಗುವಿನ ಕೈಹಿಡಿದು ನಡೆಯುವ ವೃದ್ಧೆಯು ಬೆಚ್ಚಿ ಅಂಚಿಗೆ ಸರಿಯುತ್ತಾಳೆ. ನಿನ್ನೆ ಲಾರಿಯು ಅವನಿಗೆ ಏನಾಗಿದ್ದಿತೋ ಇಂದು ಅವನು ಅವಳಿಗೆ ಅದೇ ಆಗಿದ್ದಾನೆ!

ದೊಡ್ಡ ಬಲವನ್ನು ಹೊರಗಿಟ್ಟ ಮಾತ್ರಕ್ಕೆ ದಾರಿಯು ನಿರ್ಭಯವಾಗದು; ಉಳಿದವರಲ್ಲಿ ಬಲವುಳ್ಳವನು ಆ ಸ್ಥಾನಕ್ಕೆ ಬರುತ್ತಾನೆ. ಹಾಗಾದರೆ ವೇಗದ ಸಂತೋಷವೇ ದೋಷವೋ? ಅಲ್ಲ. ಬರಿದಾದ ದಾರಿಯಲ್ಲಿ ಅದು ನಿರ್ದೋಷವಾದುದು. ಎದುರಿಗೆ ದುರ್ಬಲರು ಕಂಡೊಡನೆ ಅದಕ್ಕೊಂದು ಹೊಣೆಯು ಬಂದು ಸೇರುತ್ತದೆ. ಶಾಸನವು ಮೋಟಾರನ್ನು ತಡೆಯಬಹುದು. ವೇಗದ ಮದವನ್ನು ತಡೆಯತಕ್ಕವನು ಸವಾರನೇ. ತಾನು ಪಟ್ಟ ಭಯವನ್ನು ನೆನೆದು, ಗಂಟೆ ಬಾರಿಸಿ, ಬ್ರೇಕು ಹಿಡಿದು, ಬೇಕಾದರೆ ಇಳಿದು ನಿಲ್ಲುವವನಿಗೇ ಆ ಕಾಡಿನ ಶಾಂತಿಯು ಸಲ್ಲತಕ್ಕುದು.