ಹವಳದ ತೋಟದ ಕಳೆ

ನನ್ನ ತಾಳಿಯ ಸರದಲ್ಲಿ ಕರಿಮಣಿಗಳ ನಡುವೆ ನಾಲ್ಕು ಹವಳಗಳಿವೆ. ನನ್ನ ಮದುವೆಯಲ್ಲಿ ಹೊಳೆನರಸೀಪುರದ ಅಜ್ಜಿ ತನ್ನ ಸರದಿಂದ ಬಿಚ್ಚಿ ಕೊಟ್ಟದ್ದು. ನಲವತ್ತು ವರ್ಷ ಅವನ್ನು ಕೊರಳಲ್ಲಿ ಹಾಕಿಕೊಂಡೇ ಅಡುಗೆ ಮಾಡಿದ್ದೇನೆ, ಹಾಸನದಲ್ಲಿ ಮಕ್ಕಳಿಗೆ ಪಾಠ ಹೇಳಿದ್ದೇನೆ, ನಿವೃತ್ತಿಯೂ ಆಗಿದ್ದೇನೆ. ಮುತ್ತು ಚಿಪ್ಪಿನೊಳಗೆ ಹುಟ್ಟುತ್ತದೆ, ಹವಳ ಒಂದು ಜಾತಿಯ ಕಲ್ಲು ಎಂದೇ ತಿಳಿದಿದ್ದೆ. ಸಮುದ್ರದ ತಳದಲ್ಲಿ ಗುಂಪಾಗಿ ಬಾಳುವ ಪುಟ್ಟ ಪ್ರಾಣಿಗಳು ಕಟ್ಟಿಕೊಂಡ ಎಲುಬು ಅದು ಎಂದು ನನಗೆ ತಿಳಿಸಿದವರು ನನ್ನ ಅಳಿಯಂದಿರು. ಅದೂ ನಾನು ಅವರ ಹವಳದ ತೋಟವನ್ನು ಅರ್ಧ ಕೆಡಿಸಿದ ಮೇಲೆ!

2017ರಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಅವರ ಊರು. ಅಂಟಿನುಂಡೆ, ಮೆಣಸಿನ ಸಾರಿನ ಪುಡಿ, ಎಣ್ಣೆ ನೀರಿನ ಸಾಮಾನು ಎಲ್ಲ ಕಟ್ಟಿಕೊಂಡು ಹೋದವಳಿಗೆ ನಡುಮನೆಯಲ್ಲಿ ಮೊದಲು ಕಂಡದ್ದು ಮಂಚದಷ್ಟು ಉದ್ದದ ಒಂದು ಗಾಜಿನ ತೊಟ್ಟಿ. ನೀಲಿ ಬೆಳಕು. ಒಳಗೆ ಕಲ್ಲುಗಳ ಮೇಲೆ ಹಸಿರು, ನೇರಳೆ, ಕಿತ್ತಳೆ ಬಣ್ಣದ ಹವಳಗಳು ಹೂ ಬಿಟ್ಟ ಹಾಗೆ ಅರಳಿಕೊಂಡಿದ್ದವು. ನಡುವೆ ನಾಲ್ಕಾರು ಮೀನು. ಲೀಟರ್ ನೀರಿಗೆ ಸುಮಾರು 35 ಗ್ರಾಂ ಉಪ್ಪು ಬೆರೆಸಿ ಮನೆಯಲ್ಲೇ ಮಾಡಿಕೊಂಡ ಸಮುದ್ರ ಅದು. ಬಿಸಿ ಒಂದೆರಡು ಡಿಗ್ರಿ ಏರಿದರೂ ಹವಳಕ್ಕೆ ಜ್ವರ ಬಂದ ಹಾಗಂತೆ. ಅದರ ಮೈಯೊಳಗೆ ಬಾಳುವ ಕಣ್ಣಿಗೆ ಕಾಣದ ಪಾಚಿಯೇ ಬಿಸಿಲಿನಿಂದ ಅನ್ನ ಮಾಡಿ ಅದಕ್ಕೆ ಉಣಿಸುವುದಂತೆ. ಶಾಖ ಹೆಚ್ಚಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗಿ, ಹಾಗೆಯೇ ಉಳಿದರೆ ಹಸಿವಿನಿಂದ ಸಾಯುತ್ತದಂತೆ. ಹಸುಗೂಸಿಗೂ ತೊಟ್ಟಿಗೂ ಒಂದೇ ಬಗೆಯ ಆರೈಕೆ ನಡೆಯುತ್ತಿದ್ದ ಮನೆ ಅದು.

ಒಮ್ಮೆ ಅಳಿಯಂದಿರು ಆಫೀಸಿನ ಕೆಲಸಕ್ಕೆ ನಾಲ್ಕು ದಿನ ಬೇರೆ ಊರಿಗೆ ಹೊರಟರು. ಆವಿಯಾದಷ್ಟು ಸಿಹಿನೀರು ಸೇರಿಸುವುದು, ಮೀನಿಗೆ ಚಿಟಿಕೆ ಆಹಾರ ಹಾಕುವುದು, ಇಷ್ಟು ನನ್ನ ಪಾಲಿಗೆ ಬಂತು. ಎರಡನೆಯ ದಿನ ಒಂದು ಕಲ್ಲಿನ ಸಂದಿಯಲ್ಲಿ ಕಂದುಬಣ್ಣದ ಏನೋ ಒಂದು ಕಂಡಿತು. ತೆಳ್ಳಗಿನ ಕಾಂಡ, ತುದಿಯಲ್ಲಿ ಗರಿಗರಿಯಾಗಿ ಹರಡಿದ ಎಳೆಗಳು. ಬೆರಳುದ್ದದ ತೆಂಗಿನ ಮರ ಎಂದುಕೊಂಡೆ. ಚನ್ನರಾಯಪಟ್ಟಣದ ತೋಟದ ಮನೆಗೆ ಸೇರಿದವಳಿಗೆ ಇನ್ನೇನು ಹೊಳೆದೀತು? ಆದರೆ ಅದರ ಗರಿ ತಾಗುತ್ತಿದ್ದ ಕಡೆ ಪಕ್ಕದ ಹಸಿರು ಹವಳದ ಮೈ ಬಿಳಿಚಿಕೊಂಡಿತ್ತು. ಓಹೋ, ಇದು ಕಳೆ! ಕಳೆ ಕಂಡ ಕೈ ಸುಮ್ಮನಿರುತ್ತದೆಯೇ? ಬೆಣ್ಣೆ ಹಚ್ಚುವ ಚಾಕುವಿನಿಂದ ಕೆರೆದು ಕಿತ್ತು ಹಾಕಿದೆ. ಒಳ್ಳೆಯ ಕೆಲಸ ಮಾಡಿದೆನೆಂದು ಯಾರಿಗೂ ಹೇಳಲೂ ಇಲ್ಲ.

ಮೂರು ವಾರ ಕಳೆಯುವಷ್ಟರಲ್ಲಿ ತೊಟ್ಟಿಯ ತುಂಬ ಪುಟ್ಟ ಪುಟ್ಟ ತೆಂಗಿನ ಸಸಿ. ಎಣಿಸಿದರೆ ಇಪ್ಪತ್ತಕ್ಕೂ ಮೇಲೆ.

ನಾನು ಒಪ್ಪಿಕೊಂಡೆ. ಅಳಿಯಂದಿರು ಸಿಟ್ಟು ಮಾಡಲಿಲ್ಲ. "ಬಿಡಿ ಅತ್ತೆ, ನಿಮಗೆ ಹೇಗೆ ಗೊತ್ತಾಗಬೇಕು? ಅದು ಐಪ್ಟೇಸಿಯಾ ಅಂತ. ಹವಳದ ದೂರದ ನೆಂಟನೇ. ಕಿತ್ತರೆ ಉಳಿದ ಚೂರು ಚೂರೂ ಒಂದೊಂದು ಹೊಸ ಜೀವ ಆಗುತ್ತೆ" ಎಂದರು. ಹೊಸ ಹವಳ ತಂದಾಗ ಅಯೋಡಿನ್ ಬೆರೆಸಿದ ನೀರಿನಲ್ಲಿ ಅದ್ದಿ, ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿಯೇ ಒಳಗೆ ಬಿಡಬೇಕಂತೆ. ಆ ನೀರಿಗೆ ಹುಳು ಸತ್ತರೂ ಮೊಟ್ಟೆ ಸಾಯುವುದಿಲ್ಲವಂತೆ. ಮಗುವಿನ ಗಡಿಬಿಡಿಯಲ್ಲಿ ಈ ಸಲ ಅವರೂ ಅವಸರ ಮಾಡಿದ್ದರು. ತಪ್ಪು ಇಬ್ಬರದೂ ಎಂದು ನನ್ನನ್ನು ಸಮಾಧಾನ ಮಾಡಿದರು.

ಆಮೇಲೆ ಚಿಕಿತ್ಸೆ. ಬಟ್ಟಲಿನಲ್ಲಿ ಬೆಳ್ಳಗಿನ ಗೊಜ್ಜು ಕಲಸಿ ಸಿರಿಂಜಿಗೆ ತುಂಬಿಕೊಂಡರು. ಏನದು ಎಂದು ಕೇಳಿದೆ. "ಸುಣ್ಣ ಅತ್ತೆ. ನೀವು ಎಲೆಗೆ ಹಚ್ಚಿಕೊಳ್ಳೋದೇ." ಒಂದೊಂದರ ಬಾಯಿಗೂ ಸೂಜಿ ಹಿಡಿದು ಸುಣ್ಣ ಬಿಟ್ಟರು. ಗರಿಗಳೆಲ್ಲ ಒಳಗೆ ಮುದುರಿಕೊಂಡವು. ಬೆಳ್ಳಗೆ ಹೊಗೆಯ ಹಾಗೆ ಒಂದಿಷ್ಟು ನೀರಿನಲ್ಲಿ ಕದಡಿತು, ಅಷ್ಟೇ. ತೊಡೆಯ ಮೇಲೆ ಮೊಮ್ಮಗಳನ್ನು ಹಾಕಿಕೊಂಡು ಎಣ್ಣೆ ತಿಕ್ಕುತ್ತಾ ನಾನು ಅದನ್ನು ನೋಡುತ್ತಿದ್ದೆ. ನನ್ನ ಕೈ ನಿಂತುಹೋಯಿತು.

ಹುಳು ಸಾಯಿಸುವುದು ನನಗೆ ಹೊಸದಲ್ಲ. ನೀವೂ ಅಕ್ಕಿಯ ಹುಳು ಆರಿಸಿದ್ದೀರಿ, ಜಿರಲೆಗೆ ಪುಡಿ ಹಾಕಿದ್ದೀರಿ, ಮಕ್ಕಳ ತಲೆಯ ಹೇನು ಕುಕ್ಕಿದ್ದೀರಿ. ನಮ್ಮ ತೋಟಕ್ಕೆ ಕಪ್ಪುತಲೆ ಹುಳು ಬಂದು ಗರಿಗಳೆಲ್ಲ ಸುಟ್ಟ ಹಾಗಾದಾಗ ತೆಂಗಿನ ಬೇರಿಗೆ ಔಷಧದ ಪೊಟ್ಟಣ ಕಟ್ಟಿಸಿದವಳು ನಾನೇ. ಒಂದೂವರೆ ತಿಂಗಳು ಆ ಮರದ ಎಳನೀರು ಮುಟ್ಟಬೇಡಿ ಎಂದು ಮಕ್ಕಳನ್ನು ಕಾದವಳೂ ನಾನೇ. ಆಗ ಕೈ ನಿಲ್ಲಲಿಲ್ಲ. ಈಗ ಯಾಕೆ ನಿಂತಿತು?

ಚನ್ನರಾಯಪಟ್ಟಣದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಜೈನ ಗೆಳತಿಯೊಬ್ಬರು ಹೇಳಿದ ಮಾತು ನೆನಪಾಯಿತು. ಶ್ರವಣಬೆಳಗೊಳದ ಮುನಿಗಳು ಕೂರುವ ಜಾಗವನ್ನು ನವಿಲುಗರಿಯ ಪಿಂಛಿಯಿಂದ ಮೆಲ್ಲಗೆ ಗುಡಿಸಿಕೊಂಡು ಕೂರುವುದನ್ನು ನೋಡಿ, "ಸಂಸಾರಸ್ಥರಿಗೆ ಇದೆಲ್ಲ ಆಗುತ್ತೇನ್ರೀ?" ಎಂದು ಕೇಳಿದ್ದೆ. ಅವರು ಹಿಂಸೆಯಲ್ಲಿ ನಾಲ್ಕು ಬಗೆ ಹೇಳಿದರು. ಒಲೆ ಹಚ್ಚುವುದು, ಗುಡಿಸುವುದು, ಕುಟ್ಟಿ ಬೀಸುವುದರಲ್ಲಿ ಆಗಿಹೋಗುವುದು ಆರಂಭೀ ಹಿಂಸೆ. ಬೇಸಾಯದಂಥ ಕಸುಬಿನಲ್ಲಿ ಆಗುವುದು ಉದ್ಯೋಗೀ. ಮೇಲೆ ಬಿದ್ದವರಿಂದ ಕಾಪಾಡಿಕೊಳ್ಳುವಾಗ ಆಗುವುದು ವಿರೋಧೀ. ಬೇಕೆಂದೇ ಮಾಡುವುದು ಸಂಕಲ್ಪೀ. ಗೃಹಸ್ಥರು ಕೊನೆಯದನ್ನು ಪೂರ್ತಿ ಬಿಡಬೇಕು, ಉಳಿದ ಮೂರನ್ನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ಹೊಟ್ಟೆಪಾಡಿನ ಕಷ್ಟ ತಿಳಿದವರು ಮಾಡಿದ ಲೆಕ್ಕ ಅದು.

ತೆಂಗಿನ ಹುಳು ನನ್ನ ಉದ್ಯೋಗೀ ಲೆಕ್ಕಕ್ಕೆ ಸೇರಿತು. ಆ ತೋಟದಿಂದಲೇ ನಾವು ಉಂಡೆವು. ಹೇನು, ಸೊಳ್ಳೆ ವಿರೋಧೀ ಲೆಕ್ಕಕ್ಕೆ. ಈ ಸುಣ್ಣದ ಸೂಜಿ? ಹವಳವನ್ನು ಉಳಿಸಲಿಕ್ಕೆ ಎನ್ನಬಹುದು. ಆದರೆ ಆ ಹವಳವನ್ನು ಅಲ್ಲಿ ತಂದಿಟ್ಟವರು ಯಾರು? ಕಣ್ಣಿಗೆ ಚೆಂದ ಎಂದು ನಾವೇ. ಸಮುದ್ರದಲ್ಲಿ ಐಪ್ಟೇಸಿಯಾ ಯಾರಿಗೂ ಕಳೆಯಲ್ಲ. ಅದನ್ನು ತಿನ್ನುವ ಮೀನು ಅಲ್ಲಿದೆ, ಹಬ್ಬಲು ಜಾಗ ಅಲ್ಲಿದೆ. ನಾಲ್ಕು ಗಾಜು ನಿಲ್ಲಿಸಿದ ಗಳಿಗೆಯಲ್ಲೇ ಅದು ಪೀಡೆಯಾಯಿತು. ಕಳೆ ಎನ್ನುವ ಮಾತು ಹುಟ್ಟುವುದೇ ಬೇಲಿ ಹಾಕಿದ ಮೇಲೆ.

ಹಾಗೆಂದು ಸುಮ್ಮನೆ ಕೂತಿದ್ದರೆ? ಕಾಣುತ್ತಿದ್ದಂತೆ ಹವಳಗಳು ಸಾಯುತ್ತಿದ್ದವು. ಅವೂ ಜೀವಗಳೇ, ಅವೂ ತಾವಾಗಿ ಬಂದವಲ್ಲ. ಕೊಲ್ಲುವುದಿಲ್ಲ ಎಂದು ಕೈಕಟ್ಟಿ ಕೂರುವುದೂ ಒಂದನ್ನು ಕೊಂದ ಹಾಗೆಯೇ. ಎತ್ತಿ ಹೊಳೆಗೋ ಸಮುದ್ರಕ್ಕೋ ಬಿಡೋಣವೆಂದರೆ ಅದು ಇನ್ನೂ ಕೇಡು. ಅದೇ ಸ್ಯಾನ್ ಡಿಯಾಗೋದ ಹತ್ತಿರದ ಒಂದು ಹಿನ್ನೀರಿನಲ್ಲಿ 2000ದಲ್ಲಿ ಕೌಲರ್ಪಾ ಎಂಬ ಅಕ್ವೇರಿಯಂ ಪಾಚಿ ಕಾಣಿಸಿಕೊಂಡು, ಟಾರ್ಪಾಲು ಹೊದಿಸಿ ಅಡಿಗೆ ಕ್ಲೋರಿನ್ ಬಿಟ್ಟು ಅದನ್ನು ಸಾಯಿಸಿ, ಪೂರ್ತಿ ಹೋಯಿತೆಂದು ಸಾರಲು 2006 ಆಯಿತು. ಯಾರೋ ಒಬ್ಬರು ಸಾಯಿಸಲು ಮನಸ್ಸಾಗದೆ ಹೊರಗೆ ಸುರಿದಿರಬಹುದು. ಕರುಣೆಯಿಂದಲೂ ಇಂಥ ಅನಾಹುತ ಆಗುತ್ತದೆ.

ಸುಣ್ಣಕ್ಕೆ ಎಲ್ಲವೂ ಬಗ್ಗಲಿಲ್ಲ. ಸಂದಿಗೊಂದಿಯಲ್ಲಿದ್ದವು ಮತ್ತೆ ತಲೆ ಎತ್ತಿದವು. ಅಳಿಯಂದಿರು ಕೊನೆಗೆ ಆರು ಸಮುದ್ರದ ಹುಳುಗಳನ್ನು ತರಿಸಿದರು. ಚಿಪ್ಪಿಲ್ಲದ ಬಸವನಹುಳುವಿನ ಜಾತಿ, ಹೆಸರು ಬರ್ಗಿಯಾ. ಒಂದು ಇಂಚೂ ಇಲ್ಲ. ಬೆನ್ನ ತುಂಬ ಬೂದುಬಣ್ಣದ ಮೃದುವಾದ ಕುಚ್ಚು. ಇವು ಐಪ್ಟೇಸಿಯಾವನ್ನಲ್ಲದೆ ಬೇರೇನನ್ನೂ ತಿನ್ನುವುದಿಲ್ಲ. ಅದರ ಕುಟುಕುವ ಕಣಗಳನ್ನು ನುಂಗಿ ತಮ್ಮ ಬೆನ್ನಿನ ಕುಚ್ಚಿಗೇ ಸೇರಿಸಿಕೊಂಡು ಆಯುಧ ಮಾಡಿಕೊಳ್ಳುತ್ತವೆ. ಹಗಲು ಕಾಣುವುದಿಲ್ಲ. ರಾತ್ರಿ ಮಗು ಎದ್ದು ಅತ್ತಾಗ ಎತ್ತಿಕೊಂಡು ಬಂದು ಟಾರ್ಚು ಬಿಟ್ಟರೆ ಕಲ್ಲಿನ ಮೇಲೆ ಮೆಲ್ಲಗೆ ಹರಿಯುತ್ತಿರುತ್ತಿದ್ದವು. ಬೆಳ್ಳನೆಯ ದಾರ ಸುತ್ತಿಟ್ಟ ಹಾಗೆ ಮೊಟ್ಟೆ ಇಟ್ಟವು. ಮರಿಗಳೂ ಆದವು. ನಮ್ಮ ಕಡೆ ಕಪ್ಪುತಲೆ ಹುಳುವಿಗೆ ಗೋನಿಯೋಜಸ್ ಎಂಬ ಪರೋಪಜೀವಿಯನ್ನು ತೋಟಕ್ಕೆ ಬಿಡುತ್ತಾರಲ್ಲ, ಅದೇ ಉಪಾಯ. ಎರಡೂವರೆ ತಿಂಗಳಲ್ಲಿ ಒಂದು ಸಸಿಯೂ ಉಳಿಯಲಿಲ್ಲ.

"ಇನ್ನು ಇವಕ್ಕೆ ಏನು ಹಾಕ್ತೀರಿ?" ಎಂದೆ.

"ಏನೂ ಇಲ್ಲ ಅತ್ತೆ. ಬೇರೆ ಏನೂ ತಿನ್ನಲ್ಲ. ಉಪವಾಸ ಬಿದ್ದು ಹೋಗ್ತವೆ."

"ನಾವೇ ಕರೆಸಿಕೊಂಡದ್ದಲ್ಲವೇ?"

ಅವರು ಸುಮ್ಮನಾದರು. ಮಗಳು, "ಅಮ್ಮ, ಹುಳಕ್ಕೆಲ್ಲ ಯಾಕೆ ಇಷ್ಟು ತಲೆ ಕೆಡಿಸ್ಕೋತೀಯಾ?" ಎಂದಳು. ಎರಡು ದಿನ ಬಿಟ್ಟು ಅಳಿಯಂದಿರೇ ಬಂದು, ಇವರ ಹಾಗೆಯೇ ಹವಳ ಸಾಕಿಕೊಂಡ ಇನ್ನೊಬ್ಬರ ಮನೆಯಲ್ಲಿ ಈ ಪೀಡೆ ಎದ್ದಿದೆ, ಅಲ್ಲಿಗೆ ಕೊಟ್ಟು ಬರೋಣ ಎಂದರು. ರಾತ್ರಿ ಕೂತು ಹನ್ನೊಂದು ಹುಳು ಹಿಡಿದೆವು. ಕಾರಿನಲ್ಲಿ ಆ ಡಬ್ಬಿಯನ್ನು ನಾನೇ ತೊಡೆಯ ಮೇಲಿಟ್ಟುಕೊಂಡೆ.

ಆ ದಾರಿಯಲ್ಲಿ ನನಗೆ ನೆನಪಾದದ್ದು ನಮ್ಮ ಸೋದರತ್ತೆ. ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರು. ಅಮ್ಮನ ಮೊದಲ ಬಾಣಂತನಕ್ಕೆಂದು ಅಪ್ಪನೇ ಹೋಗಿ ಕರೆತಂದದ್ದು. ನಾವು ಐದು ಜನ ಮಕ್ಕಳೂ ಅವರ ಕಾಲ ಮೇಲೆ ನೀರು ಹಾಕಿಸಿಕೊಂಡು ಬೆಳೆದವರು. ಕೊನೆಯ ತಮ್ಮ ಸ್ಕೂಲಿಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಅವರಿಗೆ ಕೆಲಸ ಉಳಿಯಲಿಲ್ಲ. "ಈ ಕಾಟ ಯಾವಾಗ ಮುಗಿಯುತ್ತೋ" ಎಂಬ ಮಾತು ಅಡುಗೆಮನೆಯಲ್ಲಿ ನನ್ನ ಕಿವಿಗೇ ಬಿದ್ದಿದೆ. ಒಂದು ಬೆಳಿಗ್ಗೆ ಅರಕಲಗೂಡಿನ ಬಸ್ಸಿಗೆ ಅವರನ್ನು ಹತ್ತಿಸಿದರು. ಅಲ್ಲೊಬ್ಬರು ದೂರದ ನೆಂಟರು ಇದ್ದರು. ಅತ್ತೆ ತಗಡಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಲ್ಲಿ ಕೂತಿದ್ದರು. ನನಗೆ ಹನ್ನೆರಡು ವರ್ಷ. ಎಲ್ಲಿಗೆ ಎಂದು ಕೇಳಲಿಲ್ಲ. ರಾಮನಾಥಪುರದ ಷಷ್ಠಿ ಜಾತ್ರೆಗೆ ಹೋದಾಗ ಅರಕಲಗೂಡಿನಲ್ಲಿ ಬಸ್ಸು ನಿಂತರೂ ಇಳಿದು ನೋಡಿ ಬರಲಿಲ್ಲ.

ಹುಳುವಿಗೂ ಮನುಷ್ಯರಿಗೂ ಹೋಲಿಕೆಯೇ ಎಂದು ನೀವು ಕೇಳಬಹುದು. ಅತ್ತೆಗೆ ಮಾಡಿದ ಅನ್ಯಾಯವನ್ನು ಹನ್ನೊಂದು ಹುಳು ಸಾಗಿಸಿ ತೀರಿಸಲಾಗದು ಎಂದು ನನಗೂ ಗೊತ್ತು. ಆ ಇನ್ನೊಂದು ಮನೆಯಲ್ಲೂ ಒಂದು ದಿನ ಕಳೆ ಮುಗಿಯುತ್ತದೆ, ಮತ್ತದೇ ಪ್ರಶ್ನೆ ಏಳುತ್ತದೆ. ಆದರೆ ಎರಡು ಕಡೆಯೂ ನಮ್ಮ ಮನಸ್ಸು ನಡೆದ ದಾರಿ ಒಂದೇ. ಬೇಲಿ ಹಾಕುತ್ತೇವೆ. ಒಳಗೆ ಬೇಕಾದವರು, ಬೇಡದವರು ಎಂದು ವಿಂಗಡಿಸುತ್ತೇವೆ. ಕೆಲಸಕ್ಕೆ ಕರೆಸಿಕೊಂಡವರನ್ನು ಕೆಲಸ ಮುಗಿದ ಮೇಲೆ ಬೇಡದವರ ಸಾಲಿಗೆ ಸೇರಿಸಿಬಿಡುತ್ತೇವೆ.

ಬೇಲಿಯೇ ಇಲ್ಲದೆ ಬಾಳುವುದು ಸಂಸಾರಸ್ಥರಿಗೆ ಸಾಧ್ಯವಿಲ್ಲ. ಆದರೆ ಬೇಲಿ ಹಾಕಿದವರಿಗೆ ಒಳಗಿನವರ ಋಣವೂ ಇರುತ್ತದೆ, ಹೊರಗೆ ಹಾಕಿದವರ ಋಣವೂ ಇರುತ್ತದೆ ಎಂದು ನನಗೆ ಅನಿಸುತ್ತದೆ. ಕೊಲ್ಲಲೇಬೇಕಾದರೆ ಕಣ್ಣು ಬಿಟ್ಟು, ಇಷ್ಟು ಸಾಕು ಎಂದು ಅಳತೆ ಇಟ್ಟುಕೊಂಡು ಮಾಡಬೇಕು. ಅದನ್ನು ಪುಣ್ಯವೆಂದು ಹೇಳಿಕೊಳ್ಳಬಾರದು. ಕರೆಸಿಕೊಂಡ ಜೀವಕ್ಕೆ ಮುಂದೇನು ಎಂಬುದನ್ನು ಕರೆಸುವ ಮೊದಲೇ ಯೋಚಿಸಬೇಕು. ಚೆಂದಕ್ಕೆಂದು ಹೊಸ ಬೇಲಿ ಹಾಕುವ ಮುನ್ನ ಇದಿಲ್ಲದಿದ್ದರೆ ನಡೆಯುವುದಿಲ್ಲವೇ ಎಂದು ಒಮ್ಮೆ ಕೇಳಿಕೊಳ್ಳಬೇಕು.

ಅಳಿಯಂದಿರ ಹವಳಗಳು ಸಮುದ್ರದಿಂದ ಕಿತ್ತವಲ್ಲ. ದಾಸವಾಳದ ಕಡ್ಡಿ ನೆಟ್ಟ ಹಾಗೆ ತುಂಡು ಮಾಡಿ ತೊಟ್ಟಿಯಲ್ಲೇ ಬೆಳೆಸಿದವು. ನಮ್ಮ ದೇಶದಲ್ಲಿ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ವನ್ಯಜೀವಿ ಕಾಯ್ದೆಯ ಮೊದಲನೆಯ ಪರಿಶಿಷ್ಟಕ್ಕೆ ಸೇರಿಸಿದರು. ಹುಲಿಯ ಪಕ್ಕದಲ್ಲಿ ಹವಳಕ್ಕೂ ಜಾಗ. ನಮ್ಮ ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಅವು ಬದುಕಿವೆ. ಕಡಲು ಕಾದು ಲೋಕದ ಹವಳಗಳೆಲ್ಲ ನಾಲ್ಕನೆಯ ಬಾರಿಗೆ ಬಿಳಿಚಿಕೊಳ್ಳುತ್ತಿವೆ ಎಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಸಾರಿದ ಸುದ್ದಿ ಓದಿದಾಗ, ಅವಕ್ಕೆ ದೊಡ್ಡ ಪೀಡೆ ಯಾರು ಎಂದು ಕೇಳಿಕೊಳ್ಳುವ ಧೈರ್ಯ ನನಗಾಗಲಿಲ್ಲ.

ಊರಿಗೆ ಬಂದ ಮೇಲೆ ಒಮ್ಮೆ ರಾಮನಾಥಪುರಕ್ಕೆ ಹೋದೆ. ಕಾವೇರಿಯ ವಹ್ನಿಪುಷ್ಕರಿಣಿಯಲ್ಲಿ ಮೀನುಗಳು ಮೊದಲಿನಂತೆಯೇ ದಡಕ್ಕೆ ಬಂದವು. ಹಿಡಿಯುವವರಿಲ್ಲ, ಗಾಜಿಲ್ಲ. ಬೇಕಿದ್ದರೆ ಬರುತ್ತವೆ, ಸಾಕೆನಿಸಿದರೆ ಹೊಳೆಯೊಳಕ್ಕೆ ಹೋಗುತ್ತವೆ. ಪುರಿ ಹಾಕಿ ಬಹಳ ಹೊತ್ತು ಕೂತಿದ್ದೆ. ಹಿಂದಿರುಗುವಾಗ ಅರಕಲಗೂಡಿನಲ್ಲಿ ಇಳಿದೆ. ಅತ್ತೆ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಆ ಮನೆಯ ಸೊಸೆ ನನಗೆ ಮಜ್ಜಿಗೆ ಕೊಟ್ಟು, "ಕೊನೆಕೊನೆಗೆ ನಿಮ್ಮ ಐದೂ ಜನರ ಹೆಸರು ಹೇಳಿಕೊಳ್ತಿದ್ರು ಕಣಮ್ಮ" ಎಂದರು.

ಕೊರಳ ಹವಳವನ್ನು ಬೆರಳಲ್ಲಿ ಹಿಡಿದುಕೊಂಡು ಕೇಳಿದೆ. ಹೇಳಲು ನನ್ನಲ್ಲಿ ಏನೂ ಇರಲಿಲ್ಲ.