ಕೊಡಲಿಗೆ ಪಾಪವುಂಟೋ?

ಒಂದು ಸಾಯಂಕಾಲದ ಪ್ರಾರ್ಥನಾಕೂಟದಲ್ಲಿ ನಾವು ಯೆಶಾಯನ 10ನೇ ಅಧ್ಯಾಯವನ್ನು ಓದಿ ಮುಗಿಸಿದಾಗ ಸಭೆಯ ಹಿರಿಯರೊಬ್ಬರು ಎದ್ದು ನಿಂತರು. ಅವರು ಅಕ್ಷರವನ್ನು ಕಲಿತವರಲ್ಲ; ಆದಾಗ್ಯೂ ವಾಕ್ಯವನ್ನು ಕಿವಿಗೊಟ್ಟು ಕೇಳುವವರು. "ಉಪದೇಶಿಗಳೇ, ಅಶ್ಶೂರದ ಅರಸನು ದೇವರ ಕೈಯ ಕೋಲೆಂದು ಓದಿದಿರಿ. ಕೋಲು ತಾನಾಗಿ ಹೊಡೆಯುವದಿಲ್ಲವಲ್ಲಾ. ಹಾಗಾದರೆ ಕೋಲಿಗೇ ಶಿಕ್ಷೆ ಯಾಕೆ? ಹೆಬ್ಬೆಟ್ಟು ಒತ್ತಿಸಿಕೊಂಡು ಹತ್ತನ್ನು ನೂರೆಂದು ಬರೆಯುವ ಸಾಹುಕಾರನೂ ದೇವರ ಕೋಲೆಂದು ನಾವು ಸುಮ್ಮನಿರಬೇಕೋ?" ಎಂದು ಕೇಳಿದರು. ಆ ರಾತ್ರಿ ನಾವು ತಕ್ಕ ಉತ್ತರ ಕೊಡಲಾರದೆ ಹೋದೆವು. ಆ ಸಾಲವನ್ನು ಇಲ್ಲಿ ತೀರಿಸಲು ಯತ್ನಿಸುತ್ತೇವೆ.

ಅಶ್ಶೂರವು ಎಂಥಾ ರಾಜ್ಯವೆಂಬದನ್ನು ಮೊದಲು ನೆನಸೋಣ. ಕ್ರಿ. ಪೂ. 722ರ ಸುಮಾರಿಗೆ ಸಮಾರ್ಯವು ಅದರ ಕೈಗೆ ಬಿತ್ತು. 701ರಲ್ಲಿ ಸನ್ಹೇರೀಬನು ಯೆಹೂದದ ಮೇಲೆ ದಂಡೆತ್ತಿ ಬಂದನು. ಅವನು ಬರೆಯಿಸಿದ ಮಣ್ಣಿನ ಶಾಸನವು ನಿನೆವೆಯಲ್ಲಿ ದೊರಕಿ ಈಗ ಲಂಡನ್ ಪಟ್ಟಣದಲ್ಲಿದೆ. ಹಿಜ್ಕೀಯನ ಕೋಟೆಯುಳ್ಳ 46 ಊರುಗಳನ್ನು ಹಿಡಿದೆನೆಂದು ಅದರಲ್ಲಿ ಕೊಚ್ಚಿಕೊಂಡಿದ್ದಾನೆ. ಯೆರೂಸಲೇಮನ್ನು ಹಿಡಿದೆನೆಂದು ಮಾತ್ರ ಹೇಳಿಲ್ಲ. ಈ ಜಂಬವನ್ನೇ ಪ್ರವಾದಿಯು ಹಾಸ್ಯಮಾಡಿ, ಅರಸನನ್ನು ಮರ ಕಡಿಯುವವನ ಎದುರಿಗೆ ಹೆಚ್ಚಳಪಡುವ ಕೊಡಲಿಗೆ ಹೋಲಿಸುತ್ತಾನೆ. ಆದರೆ ಅವನು ಅಷ್ಟಕ್ಕೇ ನಿಲ್ಲುವದಿಲ್ಲ. ಅರಸನ ಹೃದಯದಲ್ಲಿದ್ದ ಎಣಿಕೆಯೇ ಬೇರೆ, ಜನಾಂಗಗಳನ್ನು ನಿರ್ಮೂಲ ಮಾಡುವದೇ ಅವನ ಆಶೆ ಎಂದೂ ತಿಳಿಸುತ್ತಾನೆ. ಹಿರಿಯರ ಪ್ರಶ್ನೆಯ ಗಂಟು ಸಡಿಲುವದು ಇಲ್ಲಿಯೇ. ಕೊಡಲಿಗೆ ಹೃದಯವಿಲ್ಲ, ಅರಸನಿಗೆ ಉಂಟು. ದೃಷ್ಟಾಂತವನ್ನು ಅದರ ಮೇರೆಗೆ ಮೀರಿ ಎಳೆದರೆ ಅದು ಹರಿದುಹೋಗುವದು. ಕೆಲಸದ ಅಂತ್ಯಫಲವು ದೇವರ ಕೈಯಲ್ಲಿತ್ತು, ಕ್ರೌರ್ಯವು ಅರಸನದೇ. ಯೋಸೇಫನನ್ನು ಮಾರಿದ ಅಣ್ಣಂದಿರ ಸಂಗತಿಯೂ ಹಾಗೆಯೇ. ಆ ನಿನೆವೆಯು ಕ್ರಿ. ಪೂ. 612ರಲ್ಲಿ ಹಾಳಾಯಿತು.

ದೇವರು ತನ್ನ ಜನರಿಗಾದ ಅನ್ಯಾಯವನ್ನು ಮಾತ್ರ ವಿಚಾರಿಸುವನೋ? ತೆಕೋವದ ಕುರುಬನಾದ ಆಮೋಸನನ್ನು ಕೇಳಿರಿ. ದಮಸ್ಕದವರು ಗಿಲ್ಯಾದಿನ ಜನರನ್ನು ಕಣದಲ್ಲಿ ಪೈರನ್ನು ಒಕ್ಕುವಂತೆ ಕಬ್ಬಿಣದಿಂದ ಒಕ್ಕಿದರೆಂದು ಅವನು ದೂರುತ್ತಾನೆ. ಕಣದ ಕೆಲಸ ಬಲ್ಲ ನಮಗೆ ಇದರ ಘೋರವನ್ನು ವಿವರಿಸಬೇಕಾಗಿಲ್ಲ. ಆದರೆ ಮೋವಾಬಿನ ಮೇಲಿರುವ ದೂರನ್ನು ಅನೇಕರು ಓದಿ ದಾಟಿಬಿಡುತ್ತಾರೆ. ಮೋವಾಬ್ಯರು ಎದೋಮಿನ ಅರಸನ ಎಲುಬುಗಳನ್ನು ಸುಟ್ಟರಂತೆ. ಸುಟ್ಟವರು ಇಸ್ರಾಯೇಲ್ಯರಲ್ಲ, ಸುಡಲ್ಪಟ್ಟವನೂ ಇಸ್ರಾಯೇಲ್ಯನಲ್ಲ; ಆದರೂ ಯೆಹೋವನು ಲೆಕ್ಕ ಕೇಳುತ್ತಾನೆ! ಇಸ್ರಾಯೇಲನ್ನು ಐಗುಪ್ತದಿಂದ ತಂದ ದೇವರೇ ಫಿಲಿಷ್ಟಿಯರನ್ನು ಕಫ್ತೋರಿನಿಂದಲೂ ಅರಾಮ್ಯರನ್ನು ಕೀರಿನಿಂದಲೂ ಬರಮಾಡಿದನೆಂದು ಅದೇ ಪ್ರವಾದಿಯು 9ನೇ ಅಧ್ಯಾಯದಲ್ಲಿ ಸಾರುತ್ತಾನೆ. ದೀಕ್ಷಾಸ್ನಾನ ಹೊಂದಿದ್ದೇವೆಂದು ನೆರೆಯವರನ್ನು ಕೀಳಾಗಿ ಕಾಣುವ ನಮ್ಮವರು (ಅಂಥವರು ಇದ್ದಾರೆ) ಈ ವಾಕ್ಯವನ್ನು ಮತ್ತೆ ಓದಲಿ.

ಕೋರೆಷ ಅರಸನ ವಿಷಯವು ಇನ್ನೂ ಆಶ್ಚರ್ಯಕರ. ಕ್ರಿ. ಪೂ. 539ರಲ್ಲಿ ಅವನು ಬಾಬೆಲನ್ನು ಹಿಡಿದನು. ಸೆರೆಯವರು ಊರಿಗೆ ತಿರುಗಿ ಬರುವಂತಾಯಿತು. ಯೆಶಾಯನ 45ನೇ ಅಧ್ಯಾಯದಲ್ಲಿ ಅವನು ಯೆಹೋವನ ಅಭಿಷಿಕ್ತನು. ಆದರೂ ಯೆಹೋವನನ್ನು ಅರಿಯದವನು. 1879ರಲ್ಲಿ ಬಾಬೆಲಿನ ಹಾಳುದಿಬ್ಬದಲ್ಲಿ ಸಿಕ್ಕಿದ ಅವನ ಶಾಸನದಲ್ಲಿ ಯೆಹೂದ್ಯರ ಹೆಸರೇ ಇಲ್ಲ. ತನ್ನನ್ನು ಆರಿಸಿಕೊಂಡವನು ಬಾಬೆಲಿನ ದೇವತೆಯಾದ ಮರ್ದೂಕನೆಂದು ಬರೆದಿದೆ. ಇದನ್ನು ಕೇಳಿ ಕೆಲವರು ಕಳವಳಪಡುತ್ತಾರೆ. ನಮಗಾದರೋ, ಅವನು ಅರಿಯದವನೆಂದು ಪ್ರವಾದಿಯು ಹೇಳಿದ್ದಕ್ಕೆ ಇದು ಒಪ್ಪುವದಾಗಿಯೇ ಕಾಣುತ್ತದೆ.

ಇನ್ನು ಸಾಹುಕಾರನ ಮಾತು. ಕಷ್ಟದಲ್ಲಿ ನಮ್ಮ ನಡತೆಯನ್ನು ಶೋಧಿಸಿಕೊಳ್ಳುವದು ಒಂದು. ಸುಳ್ಳು ಲೆಕ್ಕಕ್ಕೆ ತಲೆಬಾಗುವದು ಮತ್ತೊಂದು. ಹಬಕ್ಕೂಕನು ತಲೆಬಾಗಲಿಲ್ಲ. ದುಷ್ಟನು ತನಗಿಂತ ನೀತಿವಂತನನ್ನು ನುಂಗುವಾಗ ನೀನು ನೋಡಿ ಸುಮ್ಮನಿರುವದೇನೆಂದು ದೇವರನ್ನೇ ಕೇಳಿದನು. ದೇವರು ಅವನನ್ನು ಗದರಿಸಲಿಲ್ಲ, ಕಾದಿರೆಂದನು. ಹೀಗಿರುವಲ್ಲಿ ಸಾಹುಕಾರನ ಲೆಕ್ಕವನ್ನು ಪಂಚರ ಮುಂದೆ ಓದಿಸಿ ಕೇಳುವದು ಅವಿಶ್ವಾಸವಾದೀತೋ? ದೇವರು ಅನ್ಯಾಯಗಾರನನ್ನೂ ಉಪಯೋಗಿಸಬಲ್ಲನೆಂಬದರಿಂದ ಅನ್ಯಾಯವು ನ್ಯಾಯವಾಗುವದಿಲ್ಲ. ಆದರೆ ಪರಿಶುದ್ಧನಾದ ದೇವರು ಇಂಥಾ ಕೋಲನ್ನು ಕೈಗೆತ್ತಿಕೊಳ್ಳುವದು ಯಾಕೆಂಬ ಮೂಲಪ್ರಶ್ನೆಗೆ ಹಬಕ್ಕೂಕನಿಗೂ ಪೂರಾ ಉತ್ತರ ಸಿಕ್ಕಲಿಲ್ಲ. ಸಿಕ್ಕಿತೆಂದು ನಾವು ನಟಿಸಲಾರೆವು.

ಇದನ್ನೆಲ್ಲಾ ಆ ಹಿರಿಯರಿಗೆ ಓದಿ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಬಕ್ಕೂಕನು ಕೇಳಿದ ಮೇಲೆ ಬಾಬೆಲು ಬೀಳುವದಕ್ಕೆ ಎಷ್ಟು ವರುಷ ಹಿಡಿಯಿತು?" ಎಂದರು. ಸುಮಾರು 60 ವರುಷವೆಂದು ಹೇಳಿದೆವು. ಅವರು ತಲೆಯಾಡಿಸಿ, ಲೆಕ್ಕದ ಚೀಟಿಯನ್ನು ನಾಳೆ ತರುತ್ತೇನೆ, ಓದಿ ಹೇಳಿರೆಂದು ಕೇಳಿಕೊಂಡು ಮನೆಗೆ ಹೋದರು.